ಕರಿಹಲಗೆಯ ಮೇಲೆ ಉಳಿದ ಹೆಸರು

ಚೋಂ-ಆಶು ಕಣಿವೆಯಲ್ಲಿ ಹಿಮವನ್ನು ಬಲ್ಲವರು ಹಲವರಿದ್ದಾರೆ. ಆದರೆ ಮೊಣಕಾಲು ಮುಟ್ಟದ ನವೆಂಬರಿನ ಹಿಮವನ್ನು ನಂಬಬಾರದೆಂದು ಮೂವತ್ತಾರು ವರ್ಷ ಬಿಡದೆ ಹೇಳಿ, ಹೇಳಿದ್ದನ್ನು ಪ್ರತಿಸಲವೂ ಅಗೆದು ತೋರಿಸಿದವರು ಶ್ರೀಮತಿ ಬುರುಲ್‌ಕಾನ್ ಸಾದಿರೊವ್ನಾ ಒಬ್ಬರೇ. ನಮ್ಮ ಹಿಮ ವೀಕ್ಷಣಾ ಠಾಣೆಯಿಂದ ಅವರು ನಿವೃತ್ತರಾಗುತ್ತಿರುವ ಈ ಹೊತ್ತಿನಲ್ಲಿ ಈ ಅಭಿನಂದನಾ ಸಂಪುಟಕ್ಕೆ ನಾಲ್ಕು ಮಾತು ಬರೆಯಲು ಸಂಪಾದಕರು ನನ್ನನ್ನು ಕೇಳಿದ್ದು ಉಚಿತವೇ. ಅವರ ಪಕ್ಕದ ಮೇಜಿನಲ್ಲಿ ಮೂವತ್ತೊಂದು ವರ್ಷ ಕುಳಿತವನು ನಾನು. ಅಷ್ಟೂ ವರ್ಷ ಅವರನ್ನು ಕಂಡು ಹೊಟ್ಟೆ ಉರಿದುಕೊಂಡವನೂ ನಾನೇ.

ನಾನು ರಾಜಧಾನಿಯಲ್ಲಿ ಓದಿ ಪದವಿಪತ್ರ ಹಿಡಿದು ಬಂದವನು. ಅವರು ತಂದೆಯ ಕುರಿಗಳ ಹಿಂದೆ ನಡೆದು ಕಲಿತವರು. ಮೊದಲ ಚಳಿಗಾಲದಲ್ಲಿ ನನ್ನ ಬೂಟು ತೆಳುವೆಂದು ಕಂಡು, ತಮ್ಮ ಮನೆಯ ಕಂಬಳಿಯನ್ನೇ ಕತ್ತರಿಸಿ ಒಳಪದರ ಹೊಲಿದು ಕೊಟ್ಟರು. ಬೆರಳುಗಳು ಉಳಿದವು, ಆದರೆ ಉರಿ ಆರಲಿಲ್ಲ. ಸ್ಕೀ ಹಾಕಿಕೊಂಡು ಬೆಟ್ಟವೇರುವ ಜನ ಬರತೊಡಗಿದ ಮೇಲಂತೂ ಮಾರ್ಗದರ್ಶಿಗಳು ನನ್ನ ವರದಿಯನ್ನು ಗೌರವದಿಂದ ಪೂರ್ತಿ ಕೇಳಿಸಿಕೊಂಡು, ಕೊನೆಗೆ “ಅಕ್ಕ ಏನಂದ್ರು?” ಎನ್ನುತ್ತಿದ್ದರು. ಅಷ್ಟೇಕೆ, ನನ್ನ ಹೆಂಡತಿಯೇ ಮಕ್ಕಳು ಬೆಟ್ಟಕ್ಕೆ ಹೊರಟರೆ ಬುರುಲ್‌ಕಾನ್ ಅಕ್ಕನನ್ನು ಕೇಳಿ ಹೋಗಿರೆಂದು ಹೇಳುತ್ತಿದ್ದಳು, ನಾನು ಅಲ್ಲೇ ಕುಳಿತು ಚಹಾ ಕುಡಿಯುತ್ತಿದ್ದರೂ.

ನಮ್ಮ ಠಾಣೆಯಲ್ಲೊಂದು ರೂಢಿಯಿದೆ. ಇಳಿಜಾರಿನ ಹಿಮ ಕುಸಿಯುತ್ತದೋ ಇಲ್ಲವೋ ಎಂದು ನೋಡಲು ಋತುವಿನ ಮೊದಲ ಗುಂಡಿ ತೋಡಿದವರು ಬಾಗಿಲ ಬಳಿಯ ಕರಿಹಲಗೆಯ ಮೇಲೆ ತಮ್ಮ ತೀರ್ಪು ಬರೆದು ಹೆಸರು ಹಾಕುತ್ತಾರೆ. ಆ ಹೆಸರು ವಸಂತದವರೆಗೂ ಅಲ್ಲೇ ಇರುತ್ತದೆ. ನಾನು ಬಂದ ಮೇಲೆ ಹನ್ನೆರಡು ಚಳಿಗಾಲ ಅಲ್ಲಿ ಬುರುಲ್‌ಕಾನ್ ಅವರದೇ ಹೆಸರು. ಹತ್ತೊಂಬತ್ತು ವರ್ಷಗಳ ಹಿಂದೆ, ಎರಡು ದಿನ ಗಾಳಿಯೊಡನೆ ಹೊಸ ಹಿಮ ಸುರಿದು ನಿಂತ ಬೆಳಿಗ್ಗೆ, ಈ ಸಲ ನನ್ನದೇ ಎಂದು ಹಟ ಹಿಡಿದೆ. ಎಂಟು ಮಂದಿ ಸ್ಕೀಯವರು ಆಗಲೇ ಬಂದಿದ್ದರು. ಬಿಸಿಲು ಮಗ್ಗುಲಲ್ಲಿ ಗಾಳಿಗೆ ಹಿಮ ಹಾರಿಹೋಗಿ ಹುಲ್ಲು ಕಾಣುತ್ತಿತ್ತು; ಅವರು ಇಳಿಯಬಹುದಾಗಿದ್ದದ್ದು ತೆಸ್ಕೆಯ್‌ನಲ್ಲಿ, ಎಂದರೆ ಸೂರ್ಯ ಮುಟ್ಟದ ನೆರಳು ಮಗ್ಗುಲಲ್ಲಿ, ಮಾತ್ರ.

ಠಾಣೆಯೆದುರಿನ ಅಳತೆಕಂಬದ ಬುಡದಲ್ಲಿ ನಾನು ಗುಂಡಿ ತೋಡಿದೆ. ಹಿಮವನ್ನು ಕಂಬದಂತೆ ಕತ್ತರಿಸಿ ನಿಲ್ಲಿಸಿ, ಮೇಲೆ ಸಲಿಕೆಯಿಟ್ಟು, ಮಣಿಕಟ್ಟಿನಿಂದ ಹತ್ತು, ಮೊಣಕೈಯಿಂದ ಹತ್ತು, ಭುಜದಿಂದ ಹತ್ತು ಏಟು ತಟ್ಟಿದೆ. ಅದು ಕದಲಲಿಲ್ಲ. “ತೆಸ್ಕೆಯ್ ತೆರೆದಿದೆ – ಜೆಂಗಿಷ್” ಎಂದು ದಪ್ಪಕ್ಷರದಲ್ಲಿ ಬರೆದೆ. ಅಳತೆಕಂಬದ ಬುಡದಲ್ಲಿದ್ದ ಅಕ್ಟೋಬರ್ ಹಿಮ ಬಿಸಿಲಿಗೆ ಕರಗಿಹೋಗಿತ್ತೆಂದೂ, ತೆಸ್ಕೆಯ್‌ನಲ್ಲಿ ಅದು ಹಾಗೆಯೇ ಉಳಿದು ತಿಂಗಳ ಚಳಿಗೆ ಸಕ್ಕರೆಯಂತೆ ಉದುರುದುರಾಗಿ, ಮೇಲಿನ ಹೊಸ ಹಿಮವನ್ನು ಹಿಡಿದಿಡಲಾರದೆಂದೂ ನನಗೆ ಗೊತ್ತಿತ್ತು. ಅಲ್ಲಿಗೆ ಹೋಗಿಬರಲು ಒಂದು ತಾಸು ಬೇಕು. ಅಷ್ಟರಲ್ಲಿ ಬುರುಲ್‌ಕಾನ್ ಅಕ್ಕ ಬಂದುಬಿಡುತ್ತಾರೆ. ಅದಕ್ಕೇ ಹೋಗಲಿಲ್ಲ.

ಅವರು ಬಂದರು, ಹಲಗೆ ಓದಿದರು, ಸಲಿಕೆ ಹಿಡಿದು ತೆಸ್ಕೆಯ್ ಅಂಚಿನ ಪುಟ್ಟ ದಿಬ್ಬಕ್ಕೆ ಹೋದರು. ಮರಳಿದಾಗ ಸ್ಕೀಯವರು ಬೂಟು ಬಿಗಿಯುತ್ತಿದ್ದರು. ನನ್ನನ್ನು ಸೌದೆ ರಾಶಿಯ ಹಿಂದಕ್ಕೆ ಕರೆದು ಕೈಗವಸು ಬಗ್ಗಿಸಿದರು. ಬಿಳಿ ಹರಳು ಸುರಿಯಿತು.

“ನಿನ್ನ ಗುಂಡಿ ಸುಳ್ಳು ಹೇಳಿಲ್ಲ ಕಣೋ ಜೆಂಗಿಷ್. ಆದ್ರೆ ರೋಗಿ ಅಲ್ಲಿ ಮಲಗಿದಾನೆ, ನೀನು ಇಲ್ಲಿ ಗಟ್ಟಿಮುಟ್ಟಾಗಿರೋನ ನಾಡಿ ಹಿಡಿದು ಬಂದಿದೀಯ.”

“ನೀವು ಎಷ್ಟು ಸಲ ತಟ್ಟಿದ್ರಿ?”

“ಮೂರು. ಮಣಿಕಟ್ಟಿಂದಲೇ ಜಾರಿಹೋಯ್ತು.”

“ಹಂಗಾದ್ರೆ ನೀವೇ ಹೋಗಿ ಅಳಿಸಿ ಅಕ್ಕ. ಎಲ್ಲರೂ ನೋಡ್ಲಿ.”

“ಬರೆದೋನು ನೀನು, ಅಳಿಸೋನೂ ನೀನೇ. ಬೇಗ ಹೋಗು, ಅವರು ಹೊರಟ್ರು.”

ಓಡಿಹೋಗಿ “ತೆರೆದಿದೆ” ಎಂಬುದನ್ನು ಅಳಿಸಿ “ಮುಚ್ಚಿದೆ” ಎಂದು ಬರೆದೆ. ಹೆಸರು ಹಾಗೆಯೇ ಉಳಿಯಿತು. ಕಲ್ಲು ಕಾಣುವಷ್ಟು ತೆಳು ಹಿಮದಲ್ಲಿ ಜಾರುವುದಾದರೂ ಏನು ಎಂದು ಸ್ಕೀಯವರು ಗೊಣಗಿದರು. ಮಧ್ಯಾಹ್ನದ ಊಟದ ಹೊತ್ತಿಗೆ ತೆಸ್ಕೆಯ್ ಈ ತುದಿಯಿಂದ ಆ ತುದಿಯವರೆಗೆ ಒಂದೇ ಸಲಕ್ಕೆ ಕಳಚಿ ಕೆಳಗಿಳಿಯಿತು, ಹಿಂದೆ ಬರೀ ಹುಲ್ಲು ಬಿಟ್ಟು. ಆ ಎಂಟು ಮಂದಿಯೂ ನನ್ನನ್ನು ತಬ್ಬಿಕೊಂಡರು. ಬುರುಲ್‌ಕಾನ್ ಸಾದಿರೊವ್ನಾ ನನಗೆ ಚಹಾ ಬಗ್ಗಿಸಿ, ಕರಿದ ಹಿಟ್ಟಿನ ತುಣುಕುಗಳ, ಬೊರ್ಸೋಕ್‌ನ, ತಟ್ಟೆಯನ್ನು ನನ್ನೆಡೆಗೆ ಸರಿಸಿದರು, ಅಷ್ಟೇ.

ಅದಕ್ಕಾಗಿ ಜಿಲ್ಲೆಯವರು ಕೊಟ್ಟ ಪ್ರಶಸ್ತಿಪತ್ರ ನನ್ನ ಗೋಡೆಯ ಮೇಲಿದೆ. ಈ ಸಂಪುಟದಲ್ಲಿ ನನ್ನ ಪರಿಚಯ ಬರೆದವರೂ ಅದನ್ನೇ ಮೊದಲು ಹೇಳಿದ್ದಾರೆ. ದಯವಿಟ್ಟು ತೆಗೆದುಹಾಕಿ; ಆ ಗುಂಡಿ ಅವರದು, ಆ ಎಂಟು ಜೀವಗಳೂ ಅವರು ಉಳಿಸಿದವು. ಹತ್ತೊಂಬತ್ತು ವರ್ಷ ಅವರು ಒಬ್ಬರೆದುರಿಗೂ ಬಾಯಿ ಬಿಟ್ಟಿಲ್ಲ. ಬಿಟ್ಟಿದ್ದರೆ ಅವರ ಮೇಲೆ ನಾಲ್ಕು ದಿನ ಸಿಟ್ಟು ಮಾಡಿಕೊಂಡು ಹಗುರಾಗುತ್ತಿದ್ದೆ. ಅಸೂಯೆಪಡಲು ನನಗೆ ಅವರ ಜ್ಞಾನವೊಂದೇ ಸಾಕಿತ್ತು. ಅವರು ಈ ಮೌನವನ್ನೂ ಸೇರಿಸಿಟ್ಟರು.

ಅವರು ನೂರ್ಕಾಲ ಬಾಳಲಿ, ನಿವೃತ್ತಿಯ ನೆಪದಲ್ಲಿ ಸಲಿಕೆ ಕೆಳಗಿಡದಿರಲಿ ಎಂದು ಎಲ್ಲರಂತೆ ನಾನೂ ಹಾರೈಸುತ್ತೇನೆ. ನನ್ನದೊಂದು ಹೆಚ್ಚಿನ ಆಸೆಯಿದೆ. ಯಾವುದಾದರೊಂದು ನವೆಂಬರಿನಲ್ಲಿ, ಒಂದೇ ಒಂದು ಸಲ, ಅವರ ಗುಂಡಿ ತಪ್ಪು ಜಾಗದಲ್ಲಿರಲಿ. ಆಗ ನಾನು ಅವರನ್ನು ಸೌದೆ ರಾಶಿಯ ಹಿಂದಕ್ಕೆ ಕರೆದು, ಮೆಲ್ಲಗೆ ಹೇಳಿ, ಹಲಗೆಯ ಮೇಲೆ ಅವರ ಹೆಸರನ್ನು ಹಾಗೆಯೇ ಬಿಟ್ಟು, ಹತ್ತೊಂಬತ್ತು ವರ್ಷ ಬಾಯಿ ಮುಚ್ಚಿಕೊಂಡಿರಬೇಕು.