ಎರಡು ಮಾರ್ಕಿನ ಬ್ರೆಡ್ಡು

ಸೌಟಮ್ಮನಿಗೆ ಆ ಬ್ರೆಡ್ಡನ್ನು ನುಂಗಲು ಆಗಲೇ ಇಲ್ಲ. ಬಚ್ಚಲಿಗೆ ಹೋಗಿ ಉಗುಳಿ, ಮೂರು ಸಲ ಬಾಯಿ ಮುಕ್ಕಳಿಸಿ ಬಂದರೂ ಅಂಗುಳಕ್ಕೆ ಅಂಟಿದ್ದು ಅಂಟಿಯೇ ಇತ್ತು. ಕೊನೆಗೆ ಬೆರಳು ಹಾಕಿ ಕೆರೆದು ತೆಗೆದಳು. ಬೆರಳ ತುದಿಯಲ್ಲಿ ಬಂದದ್ದನ್ನು ನೋಡಿದರೆ ಗೋಡೆಗೆ ಮೆತ್ತುವ ಹಸಿ ಸುಣ್ಣದ ಹಾಗಿತ್ತು. ಇದು ಐದನೇ ಕಂಪನಿಯ ಬ್ರೆಡ್ಡು. ಹಿಂದಿನ ನಾಲ್ಕಕ್ಕಿಂತ ಇದೇ ವಾಸಿ ಎಂದು ಸೂಪರ್‌ಮಾರ್ಕೆಟ್ಟಿನ ಹುಡುಗಿ ಆಣೆ ಮಾಡಿ ಹೇಳಿದ್ದಳು. ಆ ಹುಡುಗಿ ಅದನ್ನು ಬಾಯಿಗೆ ಇಟ್ಟಿರಲಿಕ್ಕಿಲ್ಲ.

ಸೌಟಮ್ಮ ಎಂಬುದು ಗಿರಣಿಯವರು ಇಟ್ಟ ಹೆಸರು. ಮೂವತ್ತೊಂದು ವರ್ಷ ಬಟ್ಟೆ ಗಿರಣಿಯ ಕ್ಯಾಂಟೀನಿನಲ್ಲಿ ದಿನಕ್ಕೆ ನಾನೂರು ತಟ್ಟೆಗೆ ಬಡಿಸಿದವಳು. ಕುದಿಯುವ ಪಾತ್ರೆಯಿಂದ ಸೌಟಿನಲ್ಲಿ ತೆಗೆದು, ಎಡ ಅಂಗೈಗೆ ಒಂದು ಹನಿ ಬಿಟ್ಟು ನೆಕ್ಕಿದರೆ ಸಾಕು, ಉಪ್ಪು ಎಷ್ಟು ಚಿಟಿಕೆ ಬೇಕೆಂದು ಹೇಳುತ್ತಿದ್ದಳು. ಅವಳದೊಂದು ಕಾನೂನಿತ್ತು: ಊಟ ನೋಡಿ ಮೂಗು ಮುರಿದವರ ತಟ್ಟೆಗೆ ಅವಳ ಸೌಟು ಇಳಿಯುತ್ತಿರಲಿಲ್ಲ. ಒಮ್ಮೆ ಮ್ಯಾನೇಜರು ಪಲ್ಯ ನೋಡಿ ಮುಖ ಸಿಂಡರಿಸಿದ್ದಕ್ಕೆ ಅವನನ್ನೂ ಸಾಲಿನಿಂದ ಆಚೆ ಕಳಿಸಿದ್ದಳಂತೆ. ಕೆಲಸ ಬಿಟ್ಟು ಮಗನ ಮನೆ ಸೇರಿದ ಮೇಲೂ ಈ ಕಾನೂನು ಸಡಿಲವಾಗಲಿಲ್ಲ. ಊಟದ ಮೇಜಿನ ಮುಂದೆ ಯಾರೂ 'ಛೀ' ಅನ್ನಕೂಡದು, ಅಷ್ಟೇ.

ಮಗ ಲಾರಿ ಓಡಿಸುತ್ತಾನೆ, ವಾರದಲ್ಲಿ ಎರಡು ದಿನ ಮನೆಯಲ್ಲಿದ್ದರೆ ಹೆಚ್ಚು. ಸೊಸೆ ಕನ್ನಡಕದ ಅಂಗಡಿಯಲ್ಲಿ ಗಾಜು ಉಜ್ಜುತ್ತಾಳೆ. ಹಾಗಾಗಿ ಆರು ವರ್ಷದ ಮೊಮ್ಮಗಳು ಶಾಲೆ ಬಿಟ್ಟ ಮೇಲೆ ಅಜ್ಜಿಯ ಪಾಲು. ಮಗು ಹುಟ್ಟಿದಾಗಿನಿಂದ ಬ್ರೆಡ್ಡಿನ ಹುಳು. ಎಂಟು ತಿಂಗಳ ಹಿಂದೆ ಅವಳ ಹೊಟ್ಟೆ ಉಬ್ಬಿ ಕೈಕಾಲು ಕಡ್ಡಿಯಾದಾಗ ಡಾಕ್ಟರು ಪರೀಕ್ಷೆ ಮಾಡಿಸಿ, ಈ ಮಗುವಿಗೆ ಗೋಧಿ ವಿಷ, ಜನ್ಮದಲ್ಲಿ ಒಂದು ಚೂರೂ ಕೂಡದು ಅಂದರು. ಕರುಳು ಮಾಯುವ ತನಕ ಹಾಲೂ ಬೇಡವೆಂದರು. ಅನ್ನ, ಆಲೂಗಡ್ಡೆ, ಮೊಟ್ಟೆ ಎಂದು ಏನು ಮುಂದಿಟ್ಟರೂ ಮಗು ಎರಡು ತುತ್ತಿಗೆ ತುಟಿ ಬಿಗಿಯುತ್ತಿತ್ತು.

ಸೌಟಮ್ಮ ಮೊದಮೊದಲು ಇದನ್ನೆಲ್ಲ ನಂಬಲಿಲ್ಲ. ಲೋಕವೆಲ್ಲ ತಿನ್ನುವ ಗೋಧಿ ಒಂದು ಮಗುವಿಗೆ ವಿಷವಾಗುವುದು ಹೇಗೆ? ಡಾಕ್ಟರುಗಳಿಗೆ ಬೇರೆ ಕೆಲಸವಿಲ್ಲ ಎಂದುಕೊಂಡಳು. ನಾಲ್ಕು ತಿಂಗಳ ಹಿಂದೆ ಒಂದು ಸಂಜೆ, ಮಗು ಬೇಕರಿಯ ಮುಂದೆ ನಿಂತು ಬಿಸಿ ಬ್ರೆಡ್ಡಿನ ವಾಸನೆಯನ್ನು ಕಣ್ಣು ಮುಚ್ಚಿ ಎಳೆದುಕೊಳ್ಳುವುದನ್ನು ನೋಡಿ ಅವಳ ಕರುಳು ಚುರ್ ಎಂದಿತು. ಒಂದು ಚೂರಿಗೆ ಏನಾಗುತ್ತೆ ಎಂದು ಮುರಿದು ಕೊಟ್ಟಳು. ಅದಾದ ಮೇಲೆ ಎರಡು ದಿನ ಆ ಮಗು ವಾಂತಿ ಮಾಡಿದ ಪರಿ ನೋಡಿ ಸೌಟಮ್ಮನಿಗೆ ಜೀವ ಬಾಯಿಗೆ ಬಂದಿತ್ತು. ಸೊಸೆ ಕೂಗಾಡಲಿಲ್ಲ, ಒಂದು ಮಾತು ಬೈಯಲಿಲ್ಲ. ಮೂರನೇ ದಿನ ಬೆಳಿಗ್ಗೆ ಶಾಲೆಯ ಡಬ್ಬಿಯನ್ನು ಅವಳ ಕೈಯಿಂದ ತೆಗೆದುಕೊಂಡು, "ಇನ್ಮೇಲೆ ಇದನ್ನ ನಾನೇ ಕಟ್ತೀನಿ ಅತ್ತೆ" ಅಂದಳು. ನಾನೂರು ಜನರಿಗೆ ಬಡಿಸಿದವಳಿಗೆ ಅದಕ್ಕಿಂತ ದೊಡ್ಡ ಶಿಕ್ಷೆ ಬೇಕಿರಲಿಲ್ಲ.

ಆ ದಿನದಿಂದ ಸೌಟಮ್ಮನೇ ಸೂಪರ್‌ಮಾರ್ಕೆಟ್ಟಿಗೆ ಹೊರಟಳು. ಇಷ್ಟು ದೊಡ್ಡ ಅಂಗಡಿಯಲ್ಲಿ ಬಾಯಿಗೆ ಹಿಡಿಸುವುದು ಒಂದಾದರೂ ಇಲ್ಲದೆ ಇರುತ್ತದೆಯೇ, ಹುಡುಕಿಯೇ ಬಿಡುತ್ತೇನೆ ಎಂದು ಪಟ್ಟು ಹಿಡಿದಳು. ಗೋಧಿಯಿಲ್ಲದ, ಹಾಲಿಲ್ಲದ ಪದಾರ್ಥಗಳಿಗೆ ಅಲ್ಲಿ ಕಟ್ಟಕಡೆಯ ಮೂಲೆಯಲ್ಲಿ, ನಾಯಿ ಬೆಕ್ಕುಗಳ ಆಹಾರದ ಪಕ್ಕದಲ್ಲಿ ಒಂದು ಶೆಲ್ಫು. ಪ್ಯಾಕೆಟ್ಟಿನ ಮೇಲೆಲ್ಲ ಅಡ್ಡಗೆರೆ ಹೊಡೆದ ಗೋಧಿ ತೆನೆ, ಅದರ ಕೆಳಗೆ ಹಲ್ಲು ಕಿಸಿದ ಮಕ್ಕಳ ಚಿತ್ರ. ಈ ಮಕ್ಕಳಿಗೆ ಇದನ್ನು ತಿನ್ನಿಸಿದ ಮೇಲೆ ಫೋಟೋ ತೆಗೆದಿಲ್ಲ ಎಂಬುದು ಅವಳಿಗೆ ಖಾತ್ರಿ. ಭೂತಗನ್ನಡಿ ಹಿಡಿದು ಓದಿದರೆ ಒಂದು ಬ್ರೆಡ್ಡಿನಲ್ಲಿ ಹತ್ತೊಂಬತ್ತು ಪದಾರ್ಥ. ಅಡುಗೆಯವಳಾಗಿ ಅವಳು ಗುರುತಿಸಿದ್ದು ನೀರು, ಉಪ್ಪು, ಎಣ್ಣೆ. ಒಳಗಿದ್ದ, ತೇವ ಹೀರುವ ಪುಟ್ಟ ಪೊಟ್ಟಣದ ಮೇಲೆ 'ಇದನ್ನು ತಿನ್ನಬೇಡಿ' ಎಂದಿತ್ತು. ಇಡೀ ಪ್ಯಾಕೆಟ್ಟಿನಲ್ಲಿ ಅದೊಂದೇ ಪ್ರಾಮಾಣಿಕ ಮಾತು ಎಂದು ಅವಳಿಗೆ ಅನ್ನಿಸಿತು.

ಬ್ರೆಡ್ಡಿಗೆ ವಾಸನೆಯೇ ಇರಲಿಲ್ಲ. ಸುಟ್ಟರೆ ಕೆಂಪಗಾಗುವ ಬದಲು ಬೆವರುತ್ತಿತ್ತು. ಕಚ್ಚಿದರೆ ಪುಡಿ, ಅಗಿದರೆ ಅಂಟು, ನುಂಗಿದರೆ ಎದೆಯಲ್ಲೇ ಕೂತು ಏಳುವುದಿಲ್ಲ. ಬಿಸ್ಕತ್ತು ಮೊದಲು ಮರಳು, ಆಮೇಲೆ ಜಿಡ್ಡು. ಮೂರು ನಿಮಿಷ ಬೇಯಿಸಿ ಎಂದ ನೂಡಲ್ಸು ಮೂರು ನಿಮಿಷಕ್ಕೆ ಹಸಿ, ನಾಲ್ಕಕ್ಕೆ ಗಂಜಿ. ಹಾಲಿಲ್ಲದ ಹಾಲನ್ನು ಕಾಫಿಗೆ ಬೆರೆಸಿದರೆ ಬೂದು ಚೂರುಗಳಾಗಿ ಒಡೆದು ಮೇಲೆ ತೇಲುತ್ತಿತ್ತು. ಎಲ್ಲಕ್ಕಿಂತ ಹೇಸಿಗೆ ತರಿಸಿದ್ದು ಹಾಲಿಲ್ಲದ ಚೀಸು. ಪ್ಯಾಕೆಟ್ ಬಿಚ್ಚಿದ ಕೂಡಲೇ ದಿನವಿಡೀ ಬೂಟಿನೊಳಗಿದ್ದ ಕಾಲ್ಚೀಲದ ನಾತ ಅಡುಗೆಮನೆ ತುಂಬ ಹರಡಿತು. ಬಾಣಲೆಗೆ ಹಾಕಿದರೆ ಕರಗಲಿಲ್ಲ, ಎಣ್ಣೆ ಕಾರಿ ಹೊಳೆಯುತ್ತಾ ಬಿದ್ದುಕೊಂಡಿತು. ಆದರೂ ಒಂದು ತುಂಡು ತಿಂದಳು, ಮೊಮ್ಮಗಳಿಗೆ ಕೊಡುವುದನ್ನು ತಾನು ತಿನ್ನದೆ ಕೊಡುವವಳಲ್ಲ. ತಿಂದು, ಕಿಟಕಿಯ ಸರಳು ಹಿಡಿದುಕೊಂಡು ಬಹಳ ಹೊತ್ತು ನಿಂತಿದ್ದಳು.

ಇದನ್ನು ಬಾಯಿಬಿಟ್ಟು ಹೇಳುವ ಹಾಗಿರಲಿಲ್ಲ. ಮನೆಯವರು ಮಗುವಿನ ಮುಂದೆ ಕೂತು ಇಷ್ಟಪಟ್ಟು ತಿಂದು ತೋರಿಸಬೇಕು, ಆಗ ಮಗು ತಾನಾಗಿ ತಿನ್ನುತ್ತದೆ ಎಂದು ಆಸ್ಪತ್ರೆಯ ಆಹಾರ ತಜ್ಞೆ ಸೊಸೆಗೆ ಹೇಳಿ ಕಳಿಸಿದ್ದಳು. ಸೊಸೆ ಅದನ್ನು ಅಕ್ಷರಶಃ ಪಾಲಿಸಿದಳು. ದಿನಾ ಬೆಳಿಗ್ಗೆ ಮಗಳ ಎದುರು ಕೂತು ಆ ಬ್ರೆಡ್ಡಿನ ಒಂದು ಹೋಳು ಪೂರ್ತಿ ತಿಂದು, "ಆಹಾ, ಎಷ್ಟು ಚೆನ್ನಾಗಿದೆ" ಎನ್ನುತ್ತಿದ್ದಳು. ಕೆಲಸಕ್ಕೆ ಹೋಗುವ ಹೆಂಗಸು ನಗುನಗುತ್ತಾ ಅದನ್ನು ಅಗಿಯುವುದನ್ನು ಕಂಡು ಸೌಟಮ್ಮನಿಗೆ ದಿಗಿಲಾಗುತ್ತಿತ್ತು. ಇವಳ ಬಾಯಲ್ಲಿ ನಾಲಿಗೆ ಇದೆಯೋ ಇಲ್ಲವೋ? ತಾನೂ ಪಕ್ಕದಲ್ಲಿ ಕೂತು, ಇಲ್ಲದ ನಗು ತಂದುಕೊಂಡು ಅಗಿಯುತ್ತಿದ್ದಳು. ಮಗು ಇಬ್ಬರ ಮುಖವನ್ನೂ ಒಂದಾದ ಮೇಲೊಂದು ನೋಡಿ ತಟ್ಟೆಯನ್ನು ದೂರ ತಳ್ಳುತ್ತಿತ್ತು. ಶಾಲೆಯ ಡಬ್ಬಿ ಹೋದ ಹಾಗೇ ವಾಪಸು ಬರುತ್ತಿತ್ತು.

ಹೋದ ವಾರ ತೂಕ ನೋಡಿದಾಗ ಮುನ್ನೂರು ಗ್ರಾಂ ಇಳಿದಿತ್ತು. ಇನ್ನು ಮೂರು ವಾರದಲ್ಲಿ ಏರದಿದ್ದರೆ ಆಸ್ಪತ್ರೆಗೆ ಸೇರಿಸಿ ಮೂಗಿನಲ್ಲಿ ನಳಿಗೆ ಇಟ್ಟು ಉಣಿಸಬೇಕಾಗುತ್ತದೆ ಎಂದು ಡಾಕ್ಟರು ಹೇಳಿದರು.

ಆರನೇ ಕಂಪನಿಯ ಬ್ರೆಡ್ಡು ಬಂದದ್ದು ಒಂದು ಸೋಮವಾರ. ಸಂಜೆ ನಾಲ್ಕು ಗಂಟೆಗೆ ಶಾಲೆಯಿಂದ ಬಂದ ಮಗುವನ್ನು ಎದುರಿಗೆ ಕೂರಿಸಿಕೊಂಡು, ಇವತ್ತು ಏನಾದರಾಗಲಿ ನಗುತ್ತಲೇ ನುಂಗುತ್ತೇನೆ ಎಂದು ಮನಸ್ಸು ಗಟ್ಟಿ ಮಾಡಿ ಒಂದು ತುತ್ತು ಕಚ್ಚಿದಳು. ಮೊದಲು ಹುಳಿ, ಹಿಂದೆಯೇ ಸೋಪಿನ ಒಗರು, ಆಮೇಲೆ ತಣ್ಣನೆಯ ಲೋಳೆ. ಮುಖ ನಗುತ್ತಿತ್ತು, ಗಂಟಲು ಒಪ್ಪಲಿಲ್ಲ.

"ಥೂ!"

ಇಡೀ ತುತ್ತು ಮೇಜಿನ ಮೇಲೆ ಬಿತ್ತು. ಅವಳ ಜೀವಮಾನದಲ್ಲಿ ಊಟದ ಮೇಜಿನ ಮುಂದೆ ಅವಳ ಬಾಯಿಂದ ಅಂಥ ಸದ್ದು ಬಂದಿರಲಿಲ್ಲ. ನಾಚಿಕೆಯಿಂದ ತಲೆ ತಗ್ಗಿಸಿ ಮೇಜು ಒರೆಸತೊಡಗಿದಳು. ಮಗು ಕಣ್ಣು ಬಿಟ್ಟುಕೊಂಡು ಅವಳನ್ನೇ ನೋಡುತ್ತಿತ್ತು.

"ಚೆನ್ನಾಗಿಲ್ವಾ ಅಜ್ಜಿ?"

ಇನ್ನು ಮುಚ್ಚಿಟ್ಟು ಏನು ಪ್ರಯೋಜನ? "ಚೆನ್ನಾಗಿಲ್ಲ ಪುಟ್ಟಿ. ಇಷ್ಟು ಕೆಟ್ಟದ್ದನ್ನ ನಾನು ಹುಟ್ಟಿದ ಮೇಲೆ ತಿಂದಿಲ್ಲ."

ಎಷ್ಟು ಕೆಟ್ಟದ್ದು, ಹೋದ ವಾರದ ಬ್ರೆಡ್ಡಿಗಿಂತಲೂ ಕೆಟ್ಟದ್ದೇ ಎಂದು ಮಗು ಕೇಳಿತು. ಹತ್ತಕ್ಕೆ ಒಂದು ಮಾರ್ಕು ಕೊಡಬಹುದು, ಅದೂ ಪ್ಯಾಕೆಟ್ಟಿನ ಬಣ್ಣಕ್ಕೆ ಎಂದಳು ಸೌಟಮ್ಮ. ಮಗು ಕೈ ಚಾಚಿ ಒಂದು ಚೂರು ಮುರಿದು ಬಾಯಿಗೆ ಹಾಕಿಕೊಂಡಿತು. ಅಗಿದು ಅಗಿದು, ಮುಖ ಹಿಂಡಿಕೊಂಡು, "ಥೂ" ಅಂದಿತು. ಆದರೆ ಉಗುಳಲಿಲ್ಲ, ನುಂಗಿತು. ಒಂದಲ್ಲ, ಎರಡು ಮಾರ್ಕು ಕೊಡಬಹುದು ಎಂದು ವಾದ ಹೂಡಿತು. ಸೌಟಮ್ಮ ಒಪ್ಪಲಿಲ್ಲ. ಸುಟ್ಟು ನೋಡೋಣವೆಂದು ಸುಟ್ಟರು, ಥೂ ಅಂದರು. ಜಾಮು ಹಚ್ಚಿ ನೋಡಿದರು, ಅದಕ್ಕೂ ಥೂ ಅಂದರು. ಜಗಳವಾಡುತ್ತಾ, ನಗುತ್ತಾ ಮಗು ಮೂರು ಹೋಳು ಮುಗಿಸಿ ನಾಲ್ಕನೆಯದಕ್ಕೆ ಕೈ ಹಾಕಿದ್ದನ್ನು ಕಂಡು ಸೌಟಮ್ಮ ಉಸಿರು ಬಿಗಿಹಿಡಿದು ಕೂತಳು. ಎಣಿಸಿದರೆ ಎಲ್ಲಿ ನಿಂತುಬಿಡುತ್ತದೋ ಎಂಬ ಭಯ.

ಅಷ್ಟರಲ್ಲಿ ಸೊಸೆ ಬಂದಳು. ಮಗಳು ಥೂ ಥೂ ಎನ್ನುವುದು ಮೆಟ್ಟಿಲಿನ ತನಕ ಕೇಳಿಸಿತ್ತು. ಚಪ್ಪಲಿಯನ್ನೂ ಬಿಡದೆ ಒಳಗೆ ನುಗ್ಗಿ ಮಗಳ ಕೈಯ ಹೋಳನ್ನು ಕಿತ್ತುಕೊಂಡು ಮೂಸಿದಳು. ಅವಳ ಮುಖದ ಬಣ್ಣ ಇಳಿದುಹೋಗಿತ್ತು. "ಮತ್ತೆ ಏನು ಕೊಟ್ರಿ ಅತ್ತೆ ಇವಳಿಗೆ?" ಅಂದಳು.

ಸೌಟಮ್ಮ ಸಮರ್ಥಿಸಿಕೊಳ್ಳಲು ಹೋಗಲಿಲ್ಲ. ಪ್ಯಾಕೆಟ್ಟನ್ನು ಅವಳ ಕಡೆ ಸರಿಸಿ, ಓದಿ ನೋಡಮ್ಮ ಎಂದಳು. ಸೊಸೆ ಅಡ್ಡಗೆರೆಯ ತೆನೆಯನ್ನು ನೋಡಿದಳು, ಪದಾರ್ಥಗಳ ಪಟ್ಟಿಯನ್ನೂ ಪೂರ್ತಿ ಓದಿದಳು. ಆಮೇಲೆ ಪ್ಯಾಕೆಟ್ಟಿನಲ್ಲಿ ಎಷ್ಟು ಹೋಳು ಕಡಿಮೆಯಾಗಿದೆ ಎಂದು ನೋಡಿ ಕುರ್ಚಿ ಎಳೆದು ಕೂತುಬಿಟ್ಟಳು. ಇಷ್ಟನ್ನೂ ಇವಳೇ ತಿಂದಳೇ ಎಂದು ಎರಡು ಸಲ ಕೇಳಿದಳು.

"ಅಮ್ಮ, ನಾನು ಎರಡು ಕೊಟ್ಟೆ, ಅಜ್ಜಿ ಒಂದು ಕೊಟ್ಲು. ನೀನೆಷ್ಟು ಕೊಡ್ತೀಯ? ನಿಜ ಹೇಳ್ಬೇಕು."

ಸೊಸೆ ಕೈಯಲ್ಲಿದ್ದ ಹೋಳನ್ನು ಕಚ್ಚಿದಳು. ಅಭ್ಯಾಸ ಬಲದಿಂದ ತುಟಿಯ ಮೇಲೆ ಆ ಬೆಳಗಿನ ನಗು ಮೂಡಿತು. "ಚೆನ್ನಾ..." ಎಂದವಳು ಅಲ್ಲಿಗೇ ನಿಲ್ಲಿಸಿದಳು. ಅಗಿಯುತ್ತಿದ್ದ ದವಡೆ ನಿಂತಿತು, ಕಣ್ಣು ತುಂಬಿ ಬಂತು.

"ವಾಕರಿಕೆ ಬರುತ್ತೆ ಅತ್ತೆ. ಎಂಟು ತಿಂಗಳಿಂದ ದಿನಾ ಬೆಳಿಗ್ಗೆ ಬರುತ್ತೆ. ಬಸ್ ಸ್ಟಾಪಿನ ಹಿಂದೆ ಹೋಗಿ ಕಕ್ಕಿ ಬರ್ತೀನಿ."

ಸೌಟಮ್ಮ ನೀರಿನ ಲೋಟವನ್ನು ಸೊಸೆಯ ಮುಂದೆ ಸರಿಸಿದಳು. ಮಗು ಕುರ್ಚಿಯಿಂದ ಇಳಿದು ಬಂದು, ಅಮ್ಮನ ಗಲ್ಲ ಹಿಡಿದು ತನ್ನ ಕಡೆಗೆ ತಿರುಗಿಸಿಕೊಂಡಿತು.

"ನಿಂಗೂನಾ ಅಮ್ಮ? ನೀವೆಲ್ಲ ಚೆನ್ನಾಗಿದೆ ಚೆನ್ನಾಗಿದೆ ಅಂತಿದ್ರಲ್ಲ, ಹೊಟ್ಟೆ ಥರ ನನ್ನ ನಾಲಿಗೆನೂ ಕೆಟ್ಟುಹೋಗಿದೆ ಅಂದ್ಕೊಂಡಿದ್ದೆ."

ಇಷ್ಟು ಹೇಳಿ ಅಮ್ಮನ ಕೈಯಲ್ಲಿದ್ದ ಅರ್ಧ ಹೋಳನ್ನು ತೆಗೆದುಕೊಂಡು ತಿನ್ನತೊಡಗಿತು.