ಆಯಿ ಕೊಟ್ಟ ಉತ್ತರ

ನಮ್ಮ ಕುಕನೂರು ಆಗಿನ್ನೂ ನಿಜಾಮರ ರಾಜ್ಯದಲ್ಲಿತ್ತು. ಗಂಡುಹುಡುಗರು ಸಾಲೆಯಲ್ಲಿ ಉರ್ದು ಉರು ಹೊಡೆಯುತ್ತಿದ್ದರು. ಹೆಣ್ಣುಮಕ್ಕಳಾದ ನಮಗೆ ಅಂಗಳದ ಆಣಿಕಲ್ಲಿನ ಆಟವೇ ವಿದ್ಯೆ. ನೋಡುವ ಆಟ ಎಂದರೆ ಬಯಲಲ್ಲಿ ಆಡುವ ದೊಡ್ಡಾಟ, ದೊಡ್ಡಾಟ ಎಂದರೆ ನಮ್ಮ ಪಾಲಿಗೆ ನಿಂಗಪ್ಪ ಕಾಕಾ. ಅಪ್ಪನ ಬೆನ್ನಿಗೆ ಹುಟ್ಟಿದ ತಮ್ಮ. ಸುಗ್ಗಿ ಮುಗಿದು ಕಣ ಖಾಲಿಯಾಗುವುದೇ ತಡ, ಅರದಾಳವನ್ನು ಎಣ್ಣೆಯಲ್ಲಿ ಕಲಸಿ ಮುಖಕ್ಕೆ ಬಳಿದುಕೊಂಡು ಆಟದಲ್ಲಿ ನಗಿಸುವ ಸಾರಥಿಯಾಗಿಬಿಡುತ್ತಿದ್ದ. ಆ ಹಳದಿ ಬಣ್ಣದ ಕಮಟು ವಾಸನೆ ನೀರು ಎರೆದುಕೊಂಡ ಮೇಲೂ ಅವನ ಮೈ ಬಿಡುತ್ತಿರಲಿಲ್ಲ.

ದೊಡ್ಡಾಟದಲ್ಲಿ ರಾಜರಿಗೆ ಮಾತು ಬರೆದಿಟ್ಟಿರುತ್ತದೆ, ಸಾರಥಿಗೆ ಇರುವುದಿಲ್ಲ. ಅವನು ಆ ಗಳಿಗೆಗೆ ಹೊಳೆದದ್ದನ್ನು ಆಡಿ ನಗಿಸಬೇಕು. ಕಾಕಾನಿಗೆ ಅದು ಹೊಳೆಯುತ್ತಿದ್ದುದು ನಮ್ಮ ಅಡುಗೆಮನೆಯಲ್ಲಿ. ಆಟದ ದಿನ ಮಧ್ಯಾಹ್ನ ಒಲೆಯ ಮುಂದೆ ಕೂತು, ಸಜ್ಜಿ ರೊಟ್ಟಿಗೆ ಗುರೆಳ್ಳು ಹಿಂಡಿ ಹಚ್ಚಿಕೊಂಡು ತಿನ್ನುತ್ತ, ಊರಲ್ಲಿ ಏನೇನಾಯಿತೆಂದು ಆಯಿಯನ್ನು ಕೇಳುತ್ತಿದ್ದ. ಆಯಿ ನಮ್ಮ ಅಪ್ಪನ ತಾಯಿ. ಯಾರ ಎಮ್ಮೆ ಯಾರ ಹೊಲ ಹೊಕ್ಕಿತು, ಯಾವ ಅಳಿಯ ಮುನಿಸಿಕೊಂಡು ಊಟದ ತಾಟು ಬಿಟ್ಟೆದ್ದ ಎಂಬುದನ್ನೆಲ್ಲ ರೊಟ್ಟಿ ಬಡಿಯುತ್ತಲೇ ಒಪ್ಪಿಸುತ್ತಿದ್ದಳು. ರಾತ್ರಿ ಕಾಕಾನ ಮಾತಿನಲ್ಲಿ ಆ ಅಳಿಯ ಅಸುರರ ಆಸ್ಥಾನದಲ್ಲಿ ಮುನಿಸಿಕೊಂಡಿರುತ್ತಿದ್ದ! ಸಾರಥಿ ಆಟದ ಅಟ್ಟದ ಮೇಲಿಂದ ಏನಾದರೂ ಕೇಳಿದರೆ ಕೂತ ಜನ ಉತ್ತರ ಕೊಡುವುದು ನಮ್ಮ ಕಡೆಯ ರೂಢಿ. ಹೆಂಗಸರ ಕಡೆಯಿಂದ ಉತ್ತರ ಬಂದರೆ ಅದು ಆಯಿಯದೇ. ತಾಯಿ ಮಗನ ಈ ಜಗಳ ಕೇಳುವುದಕ್ಕೆಂದೇ ಯಲಬುರ್ಗಾದಿಂದ ಬಂಡಿ ಕಟ್ಟಿಕೊಂಡು ಬರುವವರಿದ್ದರು.

ಅಂಥದೊಂದು ಆಟ ನೋಡಿದ ನಾಟಕ ಕಂಪನಿಯ ಮಾಲೀಕರು ಕಾಕಾನನ್ನು ಕರೆದುಕೊಂಡು ಹೋದರು. ಒಕ್ಕಲುತನ ಅವನಿಗೆ ಕೈಹತ್ತಿರಲಿಲ್ಲ, ಬಣ್ಣ ಬಿಟ್ಟರೆ ಬೇರೆ ಬದುಕು ಬೇಕಿರಲಿಲ್ಲ. ಆದರೆ ಕಂಪನಿಯಲ್ಲಿ ಎಲ್ಲವೂ ಪುಸ್ತಕದ ಮಾತು. ಪೊಲೀಸ್ ಅಮೀನರ ಕಚೇರಿಯವರು ನೋಡಿ ಪರವಾನಗಿ ಕೊಟ್ಟದ್ದರ ಹೊರಗೆ ಒಂದು ಮಾತಾಡಿದರೂ ಊರಿನ ದಾರಿ ಹಿಡಿಯಬೇಕೆಂದು ಮಾಲೀಕರು ಮೊದಲೇ ಹೇಳಿದ್ದರಂತೆ. ಕೆಲವು ತಿಂಗಳಿಗೇ ಸುದ್ದಿ ಬಂತು: ನಿಂಗಪ್ಪನ ಮಾತಿಗೆ ಯಾರೂ ನಗುತ್ತಿಲ್ಲ, ಕೊಪ್ಪಳದ ಕ್ಯಾಂಪು ಮುಗಿದೊಡನೆ ಅವನನ್ನು ಕೆಲಸದಿಂದ ಬಿಡಿಸುತ್ತಾರೆ. ಆಯಿಗೆ ತುತ್ತು ಇಳಿಯದಾಯಿತು. ಬುತ್ತಿ ಕಟ್ಟಿಕೊಂಡು, ಅಪ್ಪನನ್ನೂ ನನ್ನನ್ನೂ ಎಬ್ಬಿಸಿಕೊಂಡು, ಭಾನಾಪುರದವರೆಗೆ ಬಂಡಿಯಲ್ಲಿ ಬಂದು ರೈಲು ಹತ್ತಿಯೇಬಿಟ್ಟಳು.

ಕೊಪ್ಪಳದಲ್ಲಿ ನಾಟಕದ ಡೇರೆಯೊಳಗೆ ಹೆಂಗಸರಿಗೆ ಬೇರೆ ಜಾಗ. ಗ್ಯಾಸಬತ್ತಿಯ ಸುಯ್ಯೆನ್ನುವ ಸದ್ದು, ಮಲ್ಲಿಗೆ, ಬೆವರು. ಕಾಕಾ ಸಾಹುಕಾರನ ಆಳಾಗಿ ಬಂದ. ಬಣ್ಣದೊಳಗೂ ಅವನ ಕೆನ್ನೆ ಒಳಗೆ ಹೋದದ್ದು ಕಾಣುತ್ತಿತ್ತು. ಮಾತು ಒಪ್ಪಿಸಿದ, ಯಾರೂ ನಗಲಿಲ್ಲ. ನಂಟರ ಮನೆಯ ಬಾಗಿಲು ತಟ್ಟಿ, ಪುಸ್ತಕದಲ್ಲಿದ್ದಂತೆ, “ಮನೆಯಲ್ಲಿ ಯಾರಾದರೂ ಇದ್ದೀರಾ?” ಎಂದು ಕೇಳಿದ. ಉತ್ತರ ಪರದೆಯ ಹಿಂದಿನಿಂದ ಬರಬೇಕಿತ್ತು. ನನ್ನ ಪಕ್ಕದಲ್ಲಿದ್ದ ಆಯಿ ಸೆರಗು ಸರಿಮಾಡಿಕೊಂಡು ಎದ್ದು ನಿಂತಳು.

“ನಾವೆಲ್ಲಾ ಇಲ್ಲೇ ಅದೀವಲೋ ನಿಂಗ್ಯಾ. ಭಾಳ ಸೊರಗೀದಿ. ಉಂಡೀ ಇಲ್ಲೋ?”

ಡೇರೆಯ ತಲೆಗಳೆಲ್ಲ ನಮ್ಮ ಕಡೆ ತಿರುಗಿದವು. ಮಾಲೀಕರು ಪಕ್ಕದ ಪರದೆಯಿಂದ ಅರ್ಧ ಹೊರಗೆ ಬಂದಿದ್ದರು. ನನಗೆ ಅಂಜಿಕೆಯಿಂದ ಅಳು ಬಂತು. ಕಾಕಾ ಅವರ ಕಡೆ ನೋಡಿದ, ಆಯಿಯ ಕಡೆ ನೋಡಿದ, ಆಮೇಲೆ ಮುಂದೆ ಬಂದು ನಿಂತ.

“ಎಲ್ಲಿ ಉಣ್ಣಲಿ ಯವ್ವಾ? ಇವರು ಬಾಗಲಾನ ತೆಗಿವಲ್ರು, ತಾಟು ಹ್ಯಾಂಗ ಇಡ್ತಾರ?”

ಡೇರೆ ಹಾರಿಹೋಗುವಂತೆ ನಗು. ಮುಂದಿನ ಸಾಲಿನಲ್ಲಿ ಕೂತಿದ್ದ, ಕನ್ನಡ ಅಷ್ಟಾಗಿ ಬಾರದ ಅಮೀನಸಾಹೇಬರೂ ಪಕ್ಕದವರನ್ನು ಕೇಳಿ ತಿಳಿದುಕೊಂಡು, ತುಸು ತಡವಾಗಿ ನಕ್ಕರು. ಕಾಕಾ ಅಂದಿನ ಆಟವನ್ನೆಲ್ಲ ನಮ್ಮ ಅಡುಗೆಮನೆಯಲ್ಲೇ ಕೂತವನಂತೆ ಆಡಿದ.

ಮರುದಿನ ಬೆಳಿಗ್ಗೆ ಮಾಲೀಕರು ಕರೆಸಿದಾಗ ಅಪ್ಪ ಆಯಿಯನ್ನೂ ನನ್ನನ್ನೂ ಕರೆದುಕೊಂಡು, ಕ್ಷಮೆ ಕೇಳಲು ತಯಾರಾಗಿ ಹೋಗಿದ್ದ. ಅವರು ಬಿಡಿಸುವ ಮಾತೇ ಎತ್ತಲಿಲ್ಲ. ಆಯಿಯ ಮಾತನ್ನೂ ಕಾಕಾನ ಮಾತನ್ನೂ ಪುಸ್ತಕಕ್ಕೆ ಸೇರಿಸುತ್ತೇವೆ, ಕಂಪನಿಯ ಅಡುಗೆಯಾಕೆ ಇನ್ನು ದಿನಾ ಹೆಂಗಸರ ನಡುವೆ ಕೂತು ಹಾಗೆಯೇ ಕೇಳುತ್ತಾಳೆ ಎಂದು ಖುಷಿಯಿಂದ ಹೇಳಿದರು. ಆಯಿಗೆ ಅದು ಬಗೆಹರಿಯಲಿಲ್ಲ.

“ನಿನ್ನಿ ಅಂವ ಸೊರಗಿದ್ದು ಕಂಡಿತು, ಕೇಳಿದೆ. ದಿನಾ ಯಾಕ ಕೇಳಬೇಕ್ರಿ?”

ಅಲ್ಲಿಂದ ಕಾಕಾನ ದೆಸೆ ತಿರುಗಿತು. ಗಂಗಾವತಿ, ಕುಷ್ಟಗಿ, ಆಮೇಲೆ ಗದಗ, ಹುಬ್ಬಳ್ಳಿ. ಕಿವುಡ ಮಾವ, ಹಲ್ಲಿಲ್ಲದ ಮದುಮಗ, ಜಿಪುಣ ಸಾಹುಕಾರ, ಯಾವ ವೇಷ ಹಾಕಿದರೂ ಆ ಬಾಗಿಲಿನ ಮಾತು ಇರಲೇಬೇಕು. ಹಸ್ತಪತ್ರಿಕೆಯಲ್ಲಿ ಅವನ ಹೆಸರು ದಪ್ಪಕ್ಷರಕ್ಕೆ ಏರಿತು. ಊರ ದೊಡ್ಡಾಟಕ್ಕೆ ಬೇರೊಬ್ಬ ಸಾರಥಿ ಬಂದ. ಅವನು ಕೇಳಿದ್ದಕ್ಕೆ ಆಯಿ ಉತ್ತರ ಕೊಡಲಿಲ್ಲ.

ಆಯಿ ತೀರಿಕೊಂಡಾಗ ಕಾಕಾ ಬಂದು ಮುಟ್ಟಿದ್ದು ಮಣ್ಣು ಮಾಡಿ ಮುಗಿದ ಮೇಲೆ. ಎಲ್ಲರೂ ಹೊರಗಿದ್ದರು. ಆರಿದ ಒಲೆಯ ಮುಂದೆ ಅವನೊಬ್ಬನೇ ಕೂತಿದ್ದ. ನೀರು ಕೊಡಲು ಹೋದ ನನ್ನ ಮುಖ ನೋಡದೆ ಹೇಳಿದ:

“ಸುದ್ದಿ ಸಂಜೀಕ ಬಂತು ತಂಗಿ. ಮಂದಿ ಆಗಲೇ ಬಂದು ಕೂತಿದ್ರು, ಆಟ ನಿಲ್ಲಸಾಕ ಆಗಲಿಲ್ಲ. ಬಾಗಲದ ಮುಂದ ನಿಂತೆ. ಅಡಗಿಯಾಕಿ ಎದ್ದು, ಉಂಡೀ ಇಲ್ಲೋ ನಿಂಗ್ಯಾ ಅಂದ್ಲು. ಎಲ್ಲಿ ಉಣ್ಣಲಿ ಯವ್ವಾ ಅಂದೆ. ಮಂದಿ ನಕ್ಕರು.”

ಆಮೇಲೂ ಬಹಳ ವರ್ಷ ಅವನು ಬಣ್ಣ ಹಚ್ಚಿದ. ಈಗ ನಾಟಕಕ್ಕೆ ಹೋದರೆ ನೋಡುವವರ ಕಡೆಯ ದೀಪ ಆರಿಸುತ್ತಾರೆ. ಕತ್ತಲಲ್ಲಿ ಅಚ್ಚುಕಟ್ಟಾಗಿ ಕೂತು ನಗುತ್ತೇವೆ, ರಂಗದ ಮೇಲಿನಿಂದ ಏನು ಕೇಳಿದರೂ ಬಾಯಿ ಬಿಡುವುದಿಲ್ಲ. ನನಗೆ ಮಾತ್ರ ಪ್ರತಿಸಲ ಸಂಕಟವಾಗುತ್ತದೆ. ನಗುವವರು ಆಗಿನದಕ್ಕಿಂತ ಹೆಚ್ಚೇ ಇದ್ದಾರೆ. ಬಣ್ಣ ಹಚ್ಚಿದವನು ಉಂಡನೋ ಇಲ್ಲವೋ ಎಂದು ನೋಡುತ್ತಿದ್ದವರು ಆಯಿಯ ಜೊತೆಗೇ ಹೋದರು.