ಬುಟ್ಟಿಗೆ ಹತ್ತಿದ ತಾಮ್ರ

ಇಂದು ಶಹಾಪುರದ ನಮ್ಮ ಮನೆಯಲ್ಲಿ ಮಗಳು ಶಾಲೆಯ ಪ್ರಯೋಗವೆಂದು ಮೈಲುತುತ್ತದ ನೀಲಿ ನೀರಿನಲ್ಲಿ ಕಬ್ಬಿಣದ ಮೊಳೆ ಇಳಿಬಿಟ್ಟಿದ್ದಳು. ಮೊಳೆ ಕೆಂಪಾಯಿತು, ನೀರಿನ ನೀಲಿ ಮಾಸಿತು. “ತಾಮ್ರ ಪೂರಾ ಮೊಳಿಗಿ ಹತ್ಯಾದವ್ವ. ನೀರಾಗ ಏನೂ ಉಳದಿಲ್ಲ,” ಎಂದಳು.

ನಾನು ಚಿಕ್ಕವಳಿದ್ದಾಗ, ತವರೂರು ಬಳಿಚಕ್ರದಲ್ಲಿ ನಮ್ಮ ಕುರಿಗಳ ಗೊರಸು ಕೊಳೆತ ಮಳೆಗಾಲದಲ್ಲಿ ಅಪ್ಪನೂ ಔಷಧಕ್ಕೆಂದು ಇದೇ ನೀರು ಕಲಸುತ್ತಿದ್ದ. ಮಣ್ಣಿನ ಬಾನಿ ಒಡೆದಿತ್ತು. ಮಣ್ಣು ಹೊರುವ ಕಬ್ಬಿಣದ ಬುಟ್ಟಿಯಲ್ಲಿ ಹಿಂದಿನ ದಿನವೇ ಕಲಸಿಟ್ಟು, ಬೆಳಿಗ್ಗೆ ಒಂದೊಂದೇ ಕುರಿಯ ಕಾಲು ಅದ್ದುತ್ತಿದ್ದ. ಬುಟ್ಟಿಗೆ ಹತ್ತಿದ ಕೆಂಪನ್ನು ನಾನು ದಿನಾ ಬೂದಿ ಹಾಕಿ ತಿಕ್ಕುತ್ತಿದ್ದೆ. “ಬುಟ್ಟಿ ಥಳಥಳ ಇರಬೇಕವ್ವ, ಆವಾಗ ಔಷಧ ಹತ್ತತದ,” ಎನ್ನುತ್ತಿದ್ದ.

ಹತ್ತಲಿಲ್ಲ. ಕುರಿಗಳು ಮೊಣಕಾಲೂರಿ ಮೇಯತೊಡಗಿದವು, ಆಮೇಲೆ ಏಳಲೇ ಇಲ್ಲ. ಪಕ್ಕದ ಹಟ್ಟಿಯವರು ಅದೇ ಔಷಧವನ್ನು ಮಣ್ಣಿನ ಬಾನಿಯಲ್ಲಿ ಕಲಸಿದ್ದರು, ಅವರ ಕುರಿಗಳು ವಾಸಿಯಾದವು. “ಔಷಧದ್ದು ತಪ್ಪಿಲ್ಲ. ನನ್ನ ಕೈಗುಣ ಹೋಗ್ಯಾದ,” ಎಂದ ಅಪ್ಪ ಮತ್ತೆ ಯಾವ ಕುರಿಯನ್ನೂ ಮುಟ್ಟಲಿಲ್ಲ. ಹಾಗೆಂದು ನಂಬಿಯೇ ಸತ್ತ.

ಮಗಳು ಮೊಳೆಯ ಕೆಂಪನ್ನು ಕೆರೆದು ಮತ್ತೆ ನೀರಿಗೆ ಬಿಟ್ಟಳು. “ತಿಕ್ಕಿದಷ್ಟೂ ಹತ್ತತದ ನೋಡವ್ವ,” ಎಂದಳು.

ಅಪ್ಪನ ಕೈಯದು ಏನೂ ತಪ್ಪಿರಲಿಲ್ಲ. ಬುಟ್ಟಿ ತಿಕ್ಕಿದ ಕೈ ನನ್ನದು.